ಇಸಿಲಕ್ಕೆ ಬಸ್ಸು: ಅಕ್ಷರ ಗುಂಡಿನಿಂದ ಬಳೆಗಾರ ಗುಂಡಿಗೆ

ಬೆಂಗಳೂರಿನ ನನ್ನ ಚಾರಣದ ಗೆಳೆಯರಿಗೆ ಡಿಸೆಂಬರ್ ಬಂತೆಂದರೆ ದ್ವೀಪದ ಹುಚ್ಚು. ಬಸ್ಸಿನಲ್ಲಿ ಉಡುಪಿ, ಅಲ್ಲಿಂದ ಮಲ್ಪೆ, ಮಲ್ಪೆಯಿಂದ ದೋಣಿ, ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳ ಮೇಲೆ ಒಂದು ಸುತ್ತು. ಹೋದ ವರ್ಷ ನನ್ನನ್ನೂ ಕರೆದರು. ನಾನು ಹೋಗಲಿಲ್ಲ, ಊರಿಗೆ ಹೊರಟೆ. ನನ್ನೂರು ಕೊಂಡ್ಲಹಳ್ಳಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು. ಸಮುದ್ರ ಬಿಡಿ, ಕೆರೆಯಲ್ಲಿ ನೀರು ಕಂಡರೇ ಫೋಟೋ ತೆಗೆಯೋ ಸೀಮೆ ನಮ್ಮದು.

ಆದರೆ ದ್ವೀಪ ಇಲ್ಲ ಅಂತ ಹೇಳೋಕಾಗಲ್ಲ. ಶೇಂಗಾ ಹೊಲಗಳ ಬಯಲಿನ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ, ಗುಂಡುಕಲ್ಲುಗಳ ಬೆಟ್ಟ ಎದ್ದು ನಿಂತಿರುತ್ತದೆ. ಸುತ್ತಲಿನ ಮೆದು ಶಿಲೆ ಲಕ್ಷಾಂತರ ವರ್ಷಗಳಲ್ಲಿ ಸವೆದು ಬಯಲಾಗಿ, ಗಟ್ಟಿ ಗ್ರಾನೈಟು ಮಾತ್ರ ಉಳಿದುಕೊಂಡ ಇಂಥ ಬೆಟ್ಟಗಳಿಗೆ ಭೂವಿಜ್ಞಾನಿಗಳು ಇನ್ಸೆಲ್‌ಬರ್ಗ್ ಅನ್ನುತ್ತಾರೆ. ಜರ್ಮನ್ ಮಾತು, ದ್ವೀಪ-ಬೆಟ್ಟ ಎಂದೇ ಅರ್ಥ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆ ಬೆಟ್ಟಗಳಲ್ಲೊಂದರ ಬುಡದಲ್ಲಿ ದ್ವೀಪ ಎಂಬ ಪದವನ್ನೇ 2200 ವರ್ಷಗಳಿಗೂ ಹಿಂದೆ ಕೊರೆದಿಟ್ಟಿದ್ದಾರೆ. 'ಜಂಬುದೀಪಸಿ' ಎಂದರೆ ಜಂಬೂದ್ವೀಪದಲ್ಲಿ. ಕೊರೆಸಿದವನು ಅಶೋಕ. ಬೆಟ್ಟ ಬ್ರಹ್ಮಗಿರಿ.

ಈ ಸಲ ನನ್ನ ಜೊತೆಗೆ ಬಂದವರು ಅಮ್ಮ. ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಆದರೂ 'ಜಟಿಂಗರಾಮನ ಬೆಟ್ಟಕ್ಕೆ ಹೋಗ್ತಿದ್ದೀನಿ' ಅಂದ ಕೂಡಲೇ ಆಧಾರ್ ಕಾರ್ಡು ಹುಡುಕೋಕೆ ಶುರುಮಾಡಿದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಕಡೆಯ ಹೆಂಗಸರಿಗೆ ಬೆಟ್ಟ, ಗುಡಿ, ತವರು ಎಲ್ಲ ಹತ್ತಿರವಾಗಿವೆ. ಕಂಡಕ್ಟರ್ ನನಗೆ ದುಡ್ಡಿನ ಟಿಕೆಟ್, ಅಮ್ಮನಿಗೆ ಸೊನ್ನೆ ಟಿಕೆಟ್ ಹರಿದುಕೊಟ್ಟರು. ಕೊಂಡ್ಲಹಳ್ಳಿಯಿಂದ ಮೊಳಕಾಲ್ಮೂರು, ಅಲ್ಲಿ ಇಳಿದು ಸಿದ್ಧಾಪುರದ ಕಡೆ ಹೋಗುವ ಬಸ್ಸು. ಮೊಳಕಾಲ್ಮೂರಿನಿಂದ ಈಶಾನ್ಯಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು. ನಿಲ್ದಾಣದಲ್ಲಿ ಬರೀ ಸಿದ್ಧಾಪುರ ಅನ್ನಬೇಡಿ, 'ಅಶೋಕ ಸಿದ್ಧಾಪುರ' ಅನ್ನಿ. ರಾಜ್ಯದಲ್ಲಿ ಸಿದ್ಧಾಪುರಗಳು ಬಹಳ. ಹೋಗುವ ಬಸ್ಸಿಗಿಂತ ಬರುವ ಕೊನೆಯ ಬಸ್ಸು ಎಷ್ಟೊತ್ತಿಗೆ ಅಂತ ಮೊದಲು ಕೇಳಿಕೊಳ್ಳಿ. ಇದು ಅನುಭವದ ಮಾತು, ಯಾಕೆ ಅಂತ ಆಮೇಲೆ ಹೇಳ್ತೀನಿ.

ಸಿದ್ಧಾಪುರದ ಸುತ್ತ ನಾಲ್ಕೈದು ಕಿಲೋಮೀಟರ್ ಅಂತರದೊಳಗೆ ಅಶೋಕನ ಕಿರು ಬಂಡೆಶಾಸನದ ಮೂರು ಪ್ರತಿಗಳಿವೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಬಿ. ಎಲ್. ರೈಸ್ 1892ರಲ್ಲಿ ಇವನ್ನು ಹೊರಜಗತ್ತಿಗೆ ತಿಳಿಸಿದರು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಬಂದಿತ್ತು ಎಂಬುದಕ್ಕೆ ಅಲ್ಲಿಯವರೆಗೆ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿ ಸಿಕ್ಕಿದ್ದು 1915ರಲ್ಲಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು 1931ರಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳ 1970ರ ದಶಕದ ಕೊನೆಯಲ್ಲಿ, ಸನ್ನತಿ 1989ರಲ್ಲಿ. ಕರ್ನಾಟಕದ ಮಟ್ಟಿಗೆ ಮೊದಲು ಮಾತಾಡಿದ್ದು ನಮ್ಮ ತಾಲ್ಲೂಕಿನ ಬಂಡೆಗಳೇ.

ಹೊರಜಗತ್ತಿಗೆ ಅಂತ ಬೇಕೆಂದೇ ಬರೆದೆ. ಊರವರಿಗೆ ಈ ಬಂಡೆಗಳು ಮೊದಲೇ ಗೊತ್ತಿದ್ದವು, ಹೆಸರೂ ಇಟ್ಟಿದ್ದರು. ಬ್ರಹ್ಮಗಿರಿಯದು ಅಕ್ಷರ ಗುಂಡು. ಅದಕ್ಕೆ ಔಷಧದ ಗುಣವಿದೆ ಅಂತ ಜನ ನಂಬಿದ್ದರು. ಅಲ್ಲಿಂದ ಪಶ್ಚಿಮಕ್ಕೆ ಒಂದು ಮೈಲಿಯ ಸಿದ್ಧಾಪುರದ ಬಂಡೆಗೆ ಎಮ್ಮೆ ಕಾಯುವವರ ಗುಂಡು ಎಂಬರ್ಥದ ಹೆಸರು. ಉತ್ತರಕ್ಕೆ ಸುಮಾರು ಮೂರು ಮೈಲಿ ದೂರದ ಜಟಿಂಗರಾಮೇಶ್ವರ ಬೆಟ್ಟದ ಮೇಲಿನದು ಬಳೆಗಾರ ಗುಂಡು. ಓದೋಕೆ ಯಾರಿಗೂ ಬರುತ್ತಿರಲಿಲ್ಲ. ಬ್ರಾಹ್ಮಿಯನ್ನು ಓದುವುದನ್ನೇ ಜಗತ್ತು ಮರೆತಿತ್ತು, 1837ರಲ್ಲಿ ಪ್ರಿನ್ಸೆಪ್ ಬಿಡಿಸುವ ತನಕ. ಆದರೆ ಇದು ಗೀಚಿದ್ದಲ್ಲ, ಅಕ್ಷರ ಎಂಬ ತಿಳಿವಳಿಕೆ ಮಾತ್ರ ಹೆಸರಿನೊಳಗೆ ಉಳಿದಿತ್ತು.

ಬ್ರಹ್ಮಗಿರಿಯ ಬಂಡೆಗೆ ಈಗ ಮೇಲೊಂದು ಸೂರು ಇದೆ. ಒಟ್ಟು 13 ಸಾಲು. ಮೊದಲ ಸಲ ನೋಡುವವರಿಗೆ ನಿರಾಸೆಯಾಗಬಹುದು. ಮಧ್ಯಾಹ್ನದ ನೆತ್ತಿಯ ಬೆಳಕಿನಲ್ಲಿ ಅಕ್ಷರಗಳು ಬಂಡೆಯ ಒರಟಿನಲ್ಲಿ ಕರಗಿಹೋಗುತ್ತವೆ. ಮೊಬೈಲಿನ ಟಾರ್ಚನ್ನು ಬಂಡೆಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಪ್ರತಿ ಗೆರೆಗೂ ನೆರಳು ಬಿದ್ದು ಸಾಲುಗಳು ಎದ್ದು ಬರುತ್ತವೆ. ದಯವಿಟ್ಟು ಸೀಮೆಸುಣ್ಣ ಉಜ್ಜಬೇಡಿ, ನೀರು ಹೊಯ್ಯಬೇಡಿ, ಎಣ್ಣೆಯಂತೂ ಬೇಡವೇ ಬೇಡ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದನ್ನು ನೋಡಿದವರಿಗೆ ಗೊತ್ತಿರುತ್ತದೆ, ಮುಟ್ಟದೆಯೂ ಚೆನ್ನಾಗಿ ಓದಬಹುದು.

ಅಮ್ಮ ನೆರಳಿನಲ್ಲಿ ಕೂತು ಕೇಳಿದರು, 'ಏನಂತ ಬರ್ದೈತಪ್ಪ?'

ನಾನು ಓದುತ್ತಾ ಹೇಳಿದೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನಂತೆ ಇಸಿಲದ ಮಹಾಮಾತ್ರರಿಗೆ ಆರೋಗ್ಯವನ್ನು ಕೇಳಬೇಕು, ಆಮೇಲೆ ಹೀಗೆ ಹೇಳಬೇಕು ಎಂದು ಶುರು. ಅಂದರೆ ನಮ್ಮ ಹಳೇ ಕಾಗದಗಳ 'ಉಭಯ ಕುಶಲೋಪರಿ' ಇದ್ದಂತೆ. ರಾಜಾಜ್ಞೆಗೆ ಮೊದಲು ಕ್ಷೇಮಸಮಾಚಾರ. ಉತ್ತರದ ಪ್ರತಿಗಳಲ್ಲಿ ಈ ವಿಳಾಸ ಇಲ್ಲ. ನಮ್ಮ ಬಂಡೆಗಳಲ್ಲಿ ಮಾತ್ರ ಕಾಗದದ ಲಕೋಟೆಯೂ ಉಳಿದುಕೊಂಡಿದೆ. ಅದರಿಂದಲೇ ಆಡಳಿತದ ಸರಪಣಿ ಗೊತ್ತಾಗುವುದು: ರಾಜ, ಸುವರ್ಣಗಿರಿಯಲ್ಲಿ ರಾಜಕುಮಾರ, ಅವನ ಕೆಳಗೆ ಇಸಿಲದ ಅಧಿಕಾರಿಗಳು. ಸುವರ್ಣಗಿರಿ ಎಲ್ಲಿ ಎಂಬುದಕ್ಕೆ ಕನಕಗಿರಿ ಎನ್ನುವವರಿದ್ದಾರೆ, ಆಂಧ್ರದ ಜೊನ್ನಗಿರಿ ಎನ್ನುವವರಿದ್ದಾರೆ. ಇಸಿಲ ಮಾತ್ರ ಈ ಬ್ರಹ್ಮಗಿರಿಯ ಬುಡದ ಊರೇ ಎಂಬುದರಲ್ಲಿ ಹೆಚ್ಚಿನವರಿಗೆ ಒಮ್ಮತ.

ಮುಂದಿನ ಭಾಗ ಅಶೋಕನ ಸ್ವಂತ ಮಾತು. ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಚೆನ್ನಾಗಿ ಶ್ರಮಿಸಿದೆ ಎನ್ನುತ್ತಾನೆ. ಚಕ್ರವರ್ತಿಯೊಬ್ಬ ತಾನು ಒಂದು ವರ್ಷ ಸೋಮಾರಿಯಾಗಿದ್ದೆ ಎಂದು ಕಲ್ಲಿನಲ್ಲಿ ಕೊರೆಸುವುದು! ನಮ್ಮ ಆಫೀಸಿನ ವಾರ್ಷಿಕ ವರದಿಯಲ್ಲಿ ಯಾರಾದರೂ ಹೀಗೆ ಬರೆದದ್ದು ನಾನು ಕಂಡಿಲ್ಲ.

ಜಂಬೂದ್ವೀಪ ಬರುವುದು ಇದರ ನಂತರ. ಜಂಬೂದ್ವೀಪದಲ್ಲಿ ಮೊದಲು 'ಅಮಿಸಾ' ಆಗಿದ್ದ ಮನುಷ್ಯರು ಈಗ ದೇವರೊಡನೆ 'ಮಿಸಾ' ಆಗಿದ್ದಾರೆ. ಈ ಮಿಸಾ ಏನು? ಮೊದಲ ತಲೆಮಾರಿನ ವಿದ್ವಾಂಸರು ಇದನ್ನು ಸಂಸ್ಕೃತದ 'ಮೃಷಾ' ಎಂದು ಹಿಡಿದರು. ಆಗ ದೇವರುಗಳು ಸುಳ್ಳೆಂದು ತೋರಿಸಿಕೊಟ್ಟೆ ಎಂಬ ಅರ್ಥ ಬರುತ್ತಿತ್ತು. ಮುಂದೆ 'ಮಿಶ್ರ' ಎಂಬ ಅರ್ಥ ನಿಂತಿತು: ಬೆರೆಯದೆ ಇದ್ದ ಮನುಷ್ಯರು ದೇವರೊಡನೆ ಬೆರೆತರು. ಒಂದೇ ಪದ, ಒಂದರಲ್ಲಿ ದೇವರನ್ನು ಕೆಳಗಿಳಿಸಿದ ರಾಜ, ಇನ್ನೊಂದರಲ್ಲಿ ಜನರನ್ನು ಮೇಲೇರಿಸಿದ ರಾಜ. ಎಲ್ಲ ಕಡೆಯ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಎರಡನೆಯದೇ ಸರಿ. ಏಕೆಂದರೆ ಮುಂದಿನ ಮಾತು ಅದೇ ಧಾಟಿಯದು: ಇದು ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಸಣ್ಣವನೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು, ಗಡಿಯಾಚೆಯವರಿಗೂ ಇದು ತಿಳಿಯಲಿ. ಗಡಿ ಎಂದರೆ ದೂರದ್ದೇನೂ ಅಲ್ಲ. ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರನ್ನು ಅಶೋಕ ತನ್ನ ದೊಡ್ಡ ಬಂಡೆಶಾಸನಗಳಲ್ಲಿ ಹೊರಗಿನವರೆಂದು ಹೆಸರಿಸುತ್ತಾನೆ. ಇಸಿಲ ಆ ಅಂಚಿನ ಠಾಣೆ. ಇವತ್ತೂ ನಮ್ಮದು ಗಡಿ ತಾಲ್ಲೂಕೇ. ಬಸ್ಸಿನಲ್ಲಿ ಅರ್ಧ ಮಾತು ತೆಲುಗು.

ಮುಂದೆ ಒಂದು ಸಂಖ್ಯೆ ಇದೆ. 200, 50, 6 ಎಂಬ ಮೂರು ಚಿಹ್ನೆಗಳು. ಸ್ಥಾನಬೆಲೆ ಇಲ್ಲದ ಕಾಲ, ಇನ್ನೂರಕ್ಕೆ ಒಂದು ಗುರುತು, ಐವತ್ತಕ್ಕೆ ಇನ್ನೊಂದು. ಈ 256 ನನ್ನ ಮಾನ ಕಳೆದ ಸಂಖ್ಯೆ. ಕೆಲವು ವರ್ಷಗಳ ಹಿಂದೆ ಇಲ್ಲಿಗೆ ಬಂದಿದ್ದ ಶಾಲಾ ಮಕ್ಕಳ ಗುಂಪಿಗೆ, ಬುದ್ಧ ನಿರ್ವಾಣವಾಗಿ 256 ವರ್ಷಕ್ಕೆ ಇದನ್ನು ಕೊರೆದರು ಅಂತ ಬಹಳ ಗತ್ತಿನಿಂದ ಹೇಳಿದ್ದೆ. ಹಳೇ ಪುಸ್ತಕದಲ್ಲಿ ಓದಿದ್ದು. ಬ್ಯೂಲರ್, ಫ್ಲೀಟ್ ಅಂಥವರೇ ಹಾಗೆ ತಿಳಿದಿದ್ದರು. ಗುಂಪಿನ ಜೊತೆಗಿದ್ದ ನಿವೃತ್ತ ಮೇಷ್ಟರೊಬ್ಬರು ಮಕ್ಕಳೆದುರು ಏನೂ ಅನ್ನದೆ, ಆಮೇಲೆ ಪಕ್ಕಕ್ಕೆ ಕರೆದು 'ಸಹಸ್ರಾಮ್ ಪ್ರತಿ ನೋಡಿದ್ದೀರಾ?' ಅಂದರು. ನೋಡಿರಲಿಲ್ಲ. ಬಿಹಾರದ ಆ ಪ್ರತಿಯಲ್ಲಿ ಸಂಖ್ಯೆಯ ಜೊತೆಗೆ 'ಲಾತಿ' ಎಂಬ ಪದವಿದೆ. ಮಾಗಧಿಯಲ್ಲಿ ರಕಾರ ಲಕಾರವಾಗುತ್ತದೆ, ಲಾತಿ ಎಂದರೆ ರಾತ್ರಿ. 1910ರ ಹೊತ್ತಿಗೆ ಎಫ್. ಡಬ್ಲ್ಯೂ. ಥಾಮಸ್ ಇದನ್ನು ತೋರಿಸಿಕೊಟ್ಟ ಮೇಲೆ ನಿರ್ವಾಣದ ಲೆಕ್ಕ ಬಿದ್ದುಹೋಯಿತು. ಇದು 256 ರಾತ್ರಿಗಳನ್ನು ಹೊರಗೆ ಕಳೆದ ಲೆಕ್ಕ, ರಾಜ ಪ್ರವಾಸದಲ್ಲಿದ್ದಾಗ ಹೊರಡಿಸಿದ ಘೋಷಣೆ. ಬ್ರಹ್ಮಗಿರಿಯ ಕಲ್ಲನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದು ಸಿಗುತ್ತಿರಲಿಲ್ಲ. ಉತ್ತರ ಇದ್ದದ್ದು ಬಿಹಾರದ ಇನ್ನೊಂದು ಕಲ್ಲಿನಲ್ಲಿ. ಆ ಮಕ್ಕಳಿಗೆ ತಿದ್ದಿ ಹೇಳುವ ಅವಕಾಶ ಮಾತ್ರ ಸಿಗಲಿಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ: ವರ್ಷ ಅಲ್ಲ ಕಣ್ರಪ್ಪಾ, ರಾತ್ರಿ.

ಕೊನೆಯ ಭಾಗ ಧರ್ಮದ ಗುಣಗಳು. ತಂದೆತಾಯಿಯ ಮಾತು ಕೇಳಬೇಕು, ಗುರುಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು, ನೆಂಟರಿಷ್ಟರಲ್ಲಿ ತಕ್ಕಂತೆ ನಡೆದುಕೊಳ್ಳಬೇಕು. ಅಮ್ಮ ಇಷ್ಟು ಹೊತ್ತು ಸುಮ್ಮನಿದ್ದವರು ನಕ್ಕರು. 'ಇದನ್ನ ಹೇಳಾಕೆ ಅಷ್ಟು ದೂರದಿಂದ ಬರಬೇಕಿತ್ತಾ? ನಮ್ಮಜ್ಜಿ ದಿನಾ ಹೇಳ್ತಿದ್ಲು.' ವಿಚಿತ್ರ ಅಂದರೆ ಶಾಸನವೂ ಮುಂದಿನ ಸಾಲಿನಲ್ಲಿ ಅದನ್ನೇ ಒಪ್ಪಿಕೊಳ್ಳುತ್ತದೆ. ಇದು 'ಪೋರಾಣಾ ಪಕಿತಿ', ಹಳೆಯ ನಡತೆ, ದೀರ್ಘಾಯುಷ್ಯ ಕೊಡುವಂಥದ್ದು ಎನ್ನುತ್ತದೆ. ಹೊಸದನ್ನು ಹೇಳುತ್ತಿದ್ದೇನೆ ಎಂಬ ಹಮ್ಮು ಅಲ್ಲಿಲ್ಲ.

ಎಲ್ಲ ಮುಗಿದ ಮೇಲೆ ಬರೆದವನ ಹೆಸರು: ಚಪಡ. ಅವನು ಬರೆದ ಎಂಬಲ್ಲಿಯವರೆಗೆ ಬ್ರಾಹ್ಮಿ, ಎಡದಿಂದ ಬಲಕ್ಕೆ. 'ಲಿಪಿಕರೇಣ' ಎಂಬ ಒಂದು ಪದ ಮಾತ್ರ ಖರೋಷ್ಠಿ, ಬಲದಿಂದ ಎಡಕ್ಕೆ. ಖರೋಷ್ಠಿ ಇಂದಿನ ಪಾಕಿಸ್ತಾನದ ಪೇಶಾವರ ಸೀಮೆಯ ಲಿಪಿ. ಅಶೋಕನ ಶಾಸನಗಳನ್ನು ಪೂರ್ತಿ ಖರೋಷ್ಠಿಯಲ್ಲಿ ಕೊರೆದಿರುವುದು ಅಲ್ಲಿನ ಶಹಬಾಜ್‌ಗಢಿ ಮತ್ತು ಮಾನ್‌ಸೆಹ್ರಾಗಳಲ್ಲಿ. ಇಸಿಲದಲ್ಲಿ ಅದನ್ನು ಓದಬಲ್ಲವರು ಯಾರಿದ್ದರೋ! ನನ್ನ ಅನಿಸಿಕೆ, ಇದು ಓದುಗರಿಗಾಗಿ ಬರೆದದ್ದಲ್ಲ. ಊರು ಬಿಟ್ಟು ಬಂದ ಕೆಲಸಗಾರನೊಬ್ಬ ತನ್ನ ಸಹಿಯನ್ನು ತನ್ನೂರಿನ ಲಿಪಿಯಲ್ಲಿ ಹಾಕಿದ್ದು. ಸಾಫ್ಟ್‌ವೇರ್ ಕೋಡಿನ ಟಿಪ್ಪಣಿಯಲ್ಲಿ ಕನ್ನಡದಲ್ಲಿ ಹೆಸರು ಬರೆದು ಬೈಸಿಕೊಂಡ ನನಗೆ ಚಪಡ ತೀರಾ ಪರಿಚಿತನಂತೆ ಕಾಣುತ್ತಾನೆ. ಮೂರು ಬಂಡೆಗಳಲ್ಲೂ ಆ ಸಹಿಯ ಪದ ಇದೆ.

ಇಸಿಲ ಎಂಬ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಮ್ಮ ತಾಲ್ಲೂಕಿನ ಭಾಷಣಗಳಲ್ಲಿ ಇದು ತಪ್ಪದೇ ಬರುತ್ತದೆ. ಡಿ. ಎಲ್. ನರಸಿಂಹಾಚಾರ್ಯರು ಇದನ್ನು ಬಾಣ ಬಿಡು ಎಂಬರ್ಥದ 'ಇಸು', 'ಎಸು' ಧಾತುವಿನ ಜೊತೆ ಸೇರಿಸಿ ಕನ್ನಡದ ಪದವೆಂದು ಸೂಚಿಸಿದ್ದರು. ಹಾಗಿದ್ದರೆ ಬರಹದಲ್ಲಿ ಸಿಗುವ ಅತಿ ಹಳೆಯ ಕನ್ನಡ ಪದಗಳಲ್ಲಿ ಇದೂ ಒಂದಾಗುತ್ತದೆ, ಹಲ್ಮಿಡಿಗಿಂತ ಏಳುನೂರು ವರ್ಷ ಹಿಂದಿನದು. ದೊಡ್ಡ ವಿದ್ವಾಂಸರು, ಅವರ ಮಾತಿಗೆ ತೂಕವಿದೆ. ಆದರೆ ಒಂದು ಊರ ಹೆಸರಿನ ಮೇಲೆ ಇಡೀ ಭಾಷೆಯ ಚರಿತ್ರೆಯನ್ನು ನಿಲ್ಲಿಸುವುದು ಒಂಟಿ ಕಂಬದ ಮೇಲೆ ಸೇತುವೆ ಕಟ್ಟಿದ ಹಾಗೆ, ಎಂಜಿನಿಯರಾಗಿ ನನಗೆ ಧೈರ್ಯ ಸಾಲದು. ಸಾಧ್ಯತೆ ಅನ್ನಿ, ಸಾಬೀತು ಅನ್ನಬೇಡಿ.

ಊರಿನ ವಿಷಯಕ್ಕೆ ಬಂದರೆ, ಬೆಟ್ಟದ ಬುಡದಲ್ಲಿ ನಡೆಯುವಾಗ ಕಾಲ ಕೆಳಗಿರುವುದು ಅದೇ ಇಸಿಲ. ಮೈಸೂರಿನ ಎಂ. ಎಚ್. ಕೃಷ್ಣ ಮೊದಲು ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ದೊಡ್ಡದಾಗಿ ಅಗೆಸಿದರು. ಕೆಳಗೆ ಕಲ್ಲುಕೊಡಲಿಯವರು, ಅದರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾಸಮಾಧಿಯವರು, ಅದರ ಮೇಲೆ ಸಾತವಾಹನರ ಕಾಲದ ಪದರ. ಹಿಂದಿನ ವರ್ಷಗಳಲ್ಲೇ ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮನ್ ಸರಕಿನ ಜೊತೆ ಸಿಕ್ಕಿದ್ದ ಒಂದು ಬಗೆಯ ಮಡಕೆ ಇಲ್ಲಿಯೂ ಸಿಕ್ಕಿತು. ಆ ಎಳೆ ಹಿಡಿದು ವೀಲರ್ ಪದರಗಳಿಗೆ ಕಾಲ ಕಟ್ಟಿದರು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಗಡಿಯಾರ ಕಟ್ಟಿದ್ದು ಈ ಹೊಲಗಳಲ್ಲಿ. ಗಡಿಯಾರ ಹಿಂದಿತ್ತು ಎನ್ನುವುದು ಬೇರೆ ಮಾತು. ಕಾರ್ಬನ್ ಪರೀಕ್ಷೆ ಬಂದ ಮೇಲೆ ಕೆಳಗಿನ ಎರಡೂ ಪದರಗಳು ವೀಲರ್ ಹೇಳಿದ್ದಕ್ಕಿಂತ ಬಹಳ ಹಿಂದಕ್ಕೆ ಹೋದವು. ಚಪ್ಪಡಿಗಳನ್ನು ನಿಲ್ಲಿಸಿ ಒಂದು ಬದಿಗೆ ಗುಂಡನೆ ಕಿಂಡಿ ಬಿಟ್ಟ ಆ ಗೋರಿಗಳನ್ನು ನೋಡಲು ಮರೆಯಬೇಡಿ.

ಎಮ್ಮೆ ಕಾಯುವವರ ಗುಂಡಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಕ್ಕಣೆ ಬ್ರಹ್ಮಗಿರಿಯದೇ, ಇಸಿಲದ ವಿಳಾಸವೂ ಅದೇ. ಅಲ್ಲಿ ಸವೆದ ಅಕ್ಷರ ಇಲ್ಲಿ ಉಳಿದಿದ್ದರೆ ಹೋಲಿಸಿ ತುಂಬಿಕೊಳ್ಳಬಹುದು, ಅದೇ ಅದರ ಬೆಲೆ.

ಜಟಿಂಗರಾಮೇಶ್ವರಕ್ಕೆ ನಾವು ಆಟೋ ಹಿಡಿದೆವು, ಅಮ್ಮನ ಮಂಡಿಗೋಸ್ಕರ. ಒಬ್ಬರೇ ಆದರೆ ನಡೆಯಿರಿ. ನೀರು ಹೊತ್ತುಕೊಳ್ಳಿ, ಬಿಸಿಲು ಏರುವ ಮೊದಲು ಹತ್ತಿ, ಕತ್ತಲಿಗೆ ಮೊದಲು ಇಳಿಯಿರಿ. ಇದು ಕರಡಿಗಳ ಸೀಮೆ. ಬೆಟ್ಟ 3469 ಅಡಿ ಎತ್ತರ. ರಾವಣನನ್ನು ತಡೆದ ಜಟಾಯು ಬಿದ್ದ ಜಾಗ ಎಂದು ಐತಿಹ್ಯ. ಮೇಲಿನ ರಾಮೇಶ್ವರ ಗುಡಿ ಹಳೆಯದು, ಹತ್ತನೆಯ ಶತಮಾನದಲ್ಲಿ ಕಲ್ಲಿನದಾಯಿತು. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳೂ ಇಲ್ಲಿವೆ. ಅಶೋಕನ ಬರಹದ ನೆರೆಯಲ್ಲೇ ಸಾವಿರದಿನ್ನೂರು ವರ್ಷದ ನಂತರ ಇನ್ನೊಂದು ಭಾಷೆ, ಇನ್ನೊಂದು ಲಿಪಿ. ಅವರಿಗೆ ಪಕ್ಕದ ಬಂಡೆಯನ್ನು ಓದೋಕೆ ಬರುತ್ತಿರಲಿಲ್ಲ.

ಅಮ್ಮ ಕೂತು ಎದ್ದು, ಕೂತು ಎದ್ದು, ಮೆಟ್ಟಿಲು ಹತ್ತಿದರು. ಬಳೆಗಾರ ಗುಂಡಿನ ಹತ್ತಿರ ಬಂದಾಗ ನಾನು ಬೇಸರದಿಂದ ಹೇಳಿದೆ, ನೋಡಮ್ಮ, ಜಾತ್ರೆಯಲ್ಲಿ ಬಳೆಗಾರರು ಈ ಬಂಡೆಯ ಮೇಲೇ ಅಂಗಡಿ ಹೂಡ್ತಿದ್ರಂತೆ, ಅದಕ್ಕೇ ಈ ಹೆಸರು, ಮೂರರಲ್ಲಿ ಅತಿ ಹೆಚ್ಚು ಅಕ್ಷರ ಹಾಳಾಗಿರೋದು ಇಲ್ಲೇ. ರೈಸ್ ನೋಡುವ ಹೊತ್ತಿಗೇ ಅರ್ಧಕ್ಕರ್ಧ ಹೋಗಿತ್ತು.

ಅಮ್ಮ ಬಂಡೆಯನ್ನೇ ನೋಡುತ್ತಿದ್ದರು. 'ನಮ್ಮಜ್ಜಿಗೆ ಮದುವಿ ಆದ ವರ್ಷ ಇಲ್ಲೇ ಬಳಿ ತೊಡಿಸಿದ್ರಂತೆ' ಅಂದರು. 'ಹಸಿರು ಬಳಿ. ಆಕಿ ಸಾಯೋ ತನಕ ಹೇಳ್ತಿದ್ಲು. ಬಂಡಿ ಕಟ್ಕೊಂಡು ಬಂದಿದ್ರಂತೆ.'

ನನಗೆ ತಕ್ಷಣ ಮಾತು ಹೊರಡಲಿಲ್ಲ. ಇಷ್ಟು ವರ್ಷ ಈ ಬಂಡೆಯ ಬಗ್ಗೆ ಮಾತಾಡುವಾಗಲೆಲ್ಲ 'ಜನರ ಅಜ್ಞಾನದಿಂದ ನಾಶವಾಯಿತು' ಎಂದೇ ಹೇಳುತ್ತಿದ್ದೆ. ಆ ಜನರಲ್ಲಿ ನನ್ನ ಮುತ್ತಜ್ಜಿಯೂ ಇದ್ದಳು. ಜಾತ್ರೆ ಇಲ್ಲದಿದ್ದರೆ ಈ ಮೆಟ್ಟಿಲ ದಾರಿ ಮುಳ್ಳಿನಲ್ಲಿ ಮುಚ್ಚಿರುತ್ತಿತ್ತು, ಗುಂಡಿಗೆ ಹೆಸರಿರುತ್ತಿರಲಿಲ್ಲ, ರೈಸ್‌ಗೆ ತೋರಿಸುವವರೂ ಇರುತ್ತಿರಲಿಲ್ಲವೇನೋ. ಅದೇ ಜಾತ್ರೆಯ ಕಾಲುಗಳು, ಬುಟ್ಟಿಗಳು ಅಕ್ಷರ ಸವೆಸಿದವು. ಇಳಿಜಾರು ಬಂಡೆ, ಮೇಲೆ ಹರಿಯುವ ಮಳೆನೀರು, ಬಿಸಿಲಿಗೆ ಏಳುವ ಕಲ್ಲಿನ ಪದರ, ಇವೂ ತಮ್ಮ ಪಾಲು ಮಾಡಿವೆ. ಬಳೆಗಾರರ ಮೇಲೆ ಎಷ್ಟು, ಮಳೆಯ ಮೇಲೆ ಎಷ್ಟು ಅಂತ ಹಂಚುವ ಲೆಕ್ಕ ನನ್ನ ಹತ್ತಿರ ಇಲ್ಲ. ಹಿಂದೆ ಹೇಳಿದ್ದ ಆ ಒಂದು ವಾಕ್ಯವನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತೇನೆ.

ಟಾರ್ಚ್ ಓರೆಯಾಗಿ ಹಿಡಿದು ಉಳಿದ ಅಕ್ಷರಗಳನ್ನು ಹುಡುಕಿದೆ. ಅಲ್ಲೊಂದು ಇಲ್ಲೊಂದು. ಅಮ್ಮ ಬಂಡೆಗೆ ಕಾಲು ತಾಗದ ಹಾಗೆ ಅಂಚಿನಲ್ಲಿ ನಿಂತು, ಇದು ಯಾವಕ್ಷರ, ಅದು ಯಾವಕ್ಷರ ಅಂತ ಕೇಳುತ್ತಾ ಹೋದರು. ಶಿಲುಬೆಯಂತೆ ಇರೋದು 'ಕ' ಅಂತ ಹೇಳಿಕೊಟ್ಟೆ. ಆಮೇಲೆ ನನಗಿಂತ ಮೊದಲು ಒಂದು 'ಕ' ಅವರೇ ಕಂಡುಹಿಡಿದರು.

ಈ ಸಂಭ್ರಮದಲ್ಲಿ ಕೊನೆಯ ಬಸ್ಸು ಹೋಯಿತು. ರಾಂಪುರದ ಕಡೆ ಹೊರಟಿದ್ದ ಶೇಂಗಾ ಮೂಟೆಯ ಟೆಂಪೋದವರು ಹತ್ತಿಸಿಕೊಂಡರು. 'ಇದಕ್ಕೂ ಸೊನ್ನೆ ಟಿಕೆಟ್ಟೇನಪ್ಪ?' ಅಂತ ಅಮ್ಮ ಡ್ರೈವರನ್ನು ಕೇಳಿದರು.